ಗೇಟಿಗೆ ನ್ಯಾಯ ಕಲಿಸಿದ ಅಮಾತೆಪ್ಪ

ಜಾಲಿಹಾಳದ ಅಮಾತೆಪ್ಪ ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಅಂದವನಲ್ಲ. ಹಾಗೆಂದು ಗಟ್ಟಿಯಾಗಿ ‘ಹೌದು’ ಅಂದವನೂ ಅಲ್ಲ. ಇವೆರಡರ ನಡುವೆ ಒಬ್ಬ ಮನುಷ್ಯ ಮೈ ಮುದುಡಿ ಕೂರುವಷ್ಟು ಜಾಗವಿದೆ ಎಂಬುದನ್ನು ಅವನು ಚಿಕ್ಕ ವಯಸ್ಸಿನಲ್ಲೇ ಕಂಡುಕೊಂಡಿದ್ದ. ಆ ಜಾಗದ ಹೆಸರು ‘ನೋಡೋಣ್ರಿ.’ ಕನ್ಯೆ ನೋಡಲು ಹೋದಾಗಲೂ ಅವನ ಅಪ್ಪ ಎಲ್ಲರೆದುರು, “ಏನಲೇ, ಒಪ್ಪಿಗಿ ಅದ ಏನು?” ಎಂದು ಕೇಳಿದ್ದಕ್ಕೆ ಇವನು ನೆಲ ನೋಡುತ್ತ “ನೋಡೋಣ್ರಿ” ಅಂದಿದ್ದ. ಅಪ್ಪ ಅದನ್ನೇ ಒಪ್ಪಿಗೆ ಎಂದು ತಿಳಿದು ಸಕ್ಕರೆ ಹಂಚಿಬಿಟ್ಟ. ಹೆಂಡತಿ ಅಯ್ಯಮ್ಮ ಅದನ್ನು ಇವತ್ತಿಗೂ ಮರೆತಿಲ್ಲ. ಮನೆಗೆ ಬಂದವರಿಗೆ ಚಹಾ ಕೊಡುತ್ತ, “ಮಗಳ ಮದುವಿ ಮಾಡಿ ಕೊಟ್ಟೀವಿ, ಇವರು ನನ್ನ ಇನ್ನೂ ನೋಡಾಕತ್ಯಾರ” ಅನ್ನುತ್ತಾಳೆ.

ಇಂಥವನು ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷನಾದದ್ದರಲ್ಲಿ ಆಶ್ಚರ್ಯವಿಲ್ಲ. ಈ ಮನುಷ್ಯ ನಮ್ಮ ಮಾತು ಮೀರುವವನಲ್ಲ ಎಂದು ಕಾಲುವೆಯ ಮೇಲ್ಭಾಗದವರು ಕೈ ಎತ್ತಿದರು. ಅದೇ ನಂಬಿಕೆಯ ಮೇಲೆ ಕೆಳಭಾಗದವರೂ ಕೈ ಎತ್ತಿದರು. ಎರಡೂ ಕಡೆಯವರ ಅಂದಾಜು ಸರಿಯಾಗಿಯೇ ಇತ್ತು.

ಕಾಲುವೆ ಬರುವ ಮೊದಲು ಜಾಲಿಹಾಳದಲ್ಲಿ ಎಲ್ಲರ ಹೊಲವೂ ಒಂದೇ ಸಮ ಒಣಗುತ್ತಿತ್ತು; ಜಗಳಕ್ಕೆ ಕಾರಣವೇ ಇರಲಿಲ್ಲ. ಅಮಾತೆಪ್ಪ ಚಡ್ಡಿ ಹಾಕಿಕೊಂಡು ಓಡಾಡುವ ಕಾಲಕ್ಕೆ ಮಣ್ಣು ತೋಡುವ ಯಂತ್ರಗಳು ಊರ ಮುಂದೆ ಬಂದು ನಿಂತವು. ಕೃಷ್ಣೆಯ ನೀರು ನಾರಾಯಣಪುರದಿಂದ ಇಳಿದು, ಕವಲೊಡೆದು, ಮತ್ತೆ ಕವಲೊಡೆದು ಊರಿನ ಹೊಲಗಳಿಗೆ ಬಂತು. ಅಂದಿನಿಂದ ಊರಿಗೆ ಒಂದು ತಲೆ ಬಂತು, ಒಂದು ಬಾಲ ಬಂತು. ತಲೆಯ ಕಡೆ ಭತ್ತ. ಬಾಲದ ಕಡೆ ಶೇಂಗಾ, ಹತ್ತಿ, ಮತ್ತು ದಾರಿ ಕಾಯುವ ಕಣ್ಣುಗಳು. ತಲೆಯ ಕಡೆ ದೊಡ್ಡ ಹೊಲದವನು ಬಸವಂತ್ರಾಯ. ಅವನ ಮಗನಿಗೆ ಅಮಾತೆಪ್ಪನ ಮಗಳನ್ನು ಕೊಟ್ಟಿದೆ, ಆದ್ದರಿಂದ ಅವನು ಬೀಗ. ಬಾಲದ ತುತ್ತತುದಿಯಲ್ಲಿ ಅಮಾತೆಪ್ಪನ ಒಡಹುಟ್ಟಿದ ತಂಗಿ ಮಲ್ಲಾಬಾಯಿಯ ಹೊಲ. ಇವನದು ನಡುವೆ. ದೇವರು ಇವನನ್ನು ಎಲ್ಲಿ ಕೂರಿಸಬೇಕೆಂದು ಬಹಳ ಯೋಚಿಸಿಯೇ ಕೂರಿಸಿದ್ದ.

ಕಾಲುವೆಯಲ್ಲಿ ನೀರು ಕಡಿಮೆಯಾದ ವಾರ ಊರಿನ ನ್ಯಾಯ ನಡೆಯುವ ರೀತಿ ಹೀಗಿತ್ತು. ಬೆಳಿಗ್ಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರುವರು. ಬಸವಂತ್ರಾಯ ಮೀಸೆ ತೀಡುತ್ತ, “ಏನ್ರಿ ಬೀಗ್ರ, ಈ ಸಲ ಪಾಳಿ ಹೆಂಗ?” ಅನ್ನುವನು. ಅಮಾತೆಪ್ಪ, “ಹೆಂಗೇನ್ರಿ, ಮ್ಯಾಲಿನವರು ಹಿರೇರು, ನಿಮ್ಮದೇ ಮೊದಲು” ಅನ್ನುವನು. ಬಸವಂತ್ರಾಯ ಸುತ್ತ ಒಮ್ಮೆ ನೋಡಿ ಎದ್ದು ಹೋಗುವನು. ಇದು ಎಲ್ಲರ ಮುಂದಿನ ಮಾತು. ಸಂಜೆ ಅಮಾತೆಪ್ಪ ಚೊಂಬು ಹಿಡಿದು ಕಾಲುವೆಯ ಕಡೆ ನಡೆಯುವನು. ಗೇಟು ಕಾಯುವ ಅಂಬ್ರಪ್ಪ ಅಲ್ಲಿ ಬೀಡಿ ಸೇದುತ್ತ ಕೂತಿರುವನು. “ಅಂಬ್ರಪ್ಪ, ಜರಾ ನೋಡಪ್ಪಾ” ಅಂದರೆ ಸಾಕು. ಅಂಬ್ರಪ್ಪ ಹಿಡಿಕೆ ತಿರುಗಿಸಿ ಮೇಲಿನ ತೂಬುಗಳನ್ನು ಅರ್ಧ ಇಳಿಸುವನು. ನೀರು ಗಪ್‌ಚಿಪ್ಪಾಗಿ ಬಾಲದ ಕಡೆ ಹರಿಯುವುದು. ಇದು ಬೆನ್ನ ಹಿಂದಿನ ಮಾತು. ಶೇಂಗಾ ನೆನೆದ ಮೇಲೆ ಭತ್ತಕ್ಕೂ ನೀರು ಮುಟ್ಟುವುದು. ಎಂದೂ ಯಾರ ಬೆಳೆಯೂ ಸತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಆ ಕವಲಿಗೆ ತಾನೇ ಏರುವ, ತಾನೇ ಇಳಿಯುವ ಗೇಟುಗಳು ಬಂದವು. ಹಾಕಿದ್ದು ಪುಣೆಯ ಯಾವುದೋ ಕಂಪನಿ. ನೀರಿನ ಮಟ್ಟ ಅಳೆಯುವ ಕಣ್ಣು, ಮಳೆ ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ಬುದ್ಧಿ, ಮೊಬೈಲಿಗೆ ಸಂದೇಶ ಕಳಿಸುವ ಬಾಯಿ, ಎಲ್ಲವೂ ಅದಕ್ಕಿತ್ತು. ಅದರ ಹಿಂದೆಯೇ ಕಂಪನಿಯ ಹುಡುಗಿ ಮಮ್ತಾಜ ಬಂದಳು. ಶಹಾಪುರದವಳು. ಬಗಲಲ್ಲಿ ಟ್ಯಾಬ್ಲೆಟ್ಟು, ಕಾಲಲ್ಲಿ ಕೆಸರು ಮೆತ್ತಿದ ಬೂಟು. ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದಾಗ ಅವಳು ಹೇಳಿದಳು:

“ನೀರು ಎಷ್ಟು ಬರ್ತದ ಅನ್ನೋದು ಲೆಕ್ಕರಿ, ಅದನ್ನ ಮಿಷನ್ ಮಾಡ್ತದ. ನೀರು ಕಮ್ಮಿ ಬಿದ್ದಾಗ ಯಾರಿಗೆ ಮೊದಲು ಅನ್ನೋದು ಲೆಕ್ಕ ಅಲ್ರಿ, ನ್ಯಾಯ. ಅದನ್ನ ನಾವು ಪುಣೆದಾಗ ಕುಂತು ತುಂಬಿದ್ರ ಅನ್ಯಾಯ ಆಗ್ತದ. ನಿಮ್ಮೂರಿನ ಪದ್ಧತಿ ಏನದ, ನೀವೇ ಹೇಳ್ರಿ. ಮಿಷನ್ ಹಂಗೇ ನಡೀತದ.”

“ಭಾಳ ಚಲೋ ಮಾತವ್ವಾ” ಅಂದ ಬಸವಂತ್ರಾಯ. “ನಮ್ಮೂರಿನ ನ್ಯಾಯ ಬೇಕಂದ್ರ ನಮ್ಮ ಬೀಗರನ್ನ ಕೇಳು. ಅವರ ಬಾಯಾಗ ಸುಳ್ಳು ಅನ್ನೋದೇ ಬರಂಗಿಲ್ಲ.”

ಎಲ್ಲರೂ ಇವನ ಕಡೆ ತಿರುಗಿದರು. ಹೆಗಲ ಮೇಲಿನ ಟಾವೆಲ್ಲು ಸರಿಮಾಡಿಕೊಂಡು ಅಮಾತೆಪ್ಪ ಮಮ್ತಾಜಳ ಎದುರು ಕೂತ. ಅವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಬೀಗ ಕೂತ. ಸುತ್ತ ಮೇಲ್ಭಾಗದವರು. ಕೆಳಭಾಗದವರು ಆ ಹೊತ್ತಿಗೆ ಹೊಲದಲ್ಲಿದ್ದರು, ಕಟ್ಟೆಯ ಮೇಲೆ ಕೂರಲು ಅವರಿಗೆ ಪುರಸೊತ್ತಿರಲಿಲ್ಲ.

“ನೀರು ಕಮ್ಮಿ ಆದ್ರ ಮ್ಯಾಲಿನವರಿಗೆ ಮೊದಲೋ, ಕೊನೆಯವರಿಗೆ ಮೊದಲೋ, ಕಾಕಾ?”

“ನೋಡೋಣ್ರಿ.”

“ನೋಡೋಣ ಅನ್ನೋದು ಇದರಾಗ ಇಲ್ರಿ. ಎರಡೇ ಅವ.”

ಅಮಾತೆಪ್ಪ ಟ್ಯಾಬ್ಲೆಟ್ಟಿನೊಳಗೆ ಇಣುಕಿ ನೋಡಿದ. ನಿಜವೇ. ಅವನು ಆಯುಷ್ಯವೆಲ್ಲ ಕೂತ ಜಾಗವನ್ನು ಕಂಪನಿಯವರು ಬಿಟ್ಟೇಬಿಟ್ಟಿದ್ದರು. ಪಕ್ಕದ ಮೊಣಕಾಲು ಬೆಚ್ಚಗೆ ತಾಗುತ್ತಿತ್ತು.

“ಮ್ಯಾಲಿನವರಿಗೇ ಅಲ್ಲೇನ್ರಿ. ಹಿರೇರು.”

“ಕೊನೆಯವರ ಬೆಳಿ ಒಣಗಾಕತ್ತಿದ್ರ?”

“ಅವರೇನು, ನಮ್ಮವರೇ. ತಡಕೋತಾರ.”

ಮಮ್ತಾಜ ತಲೆಯೆತ್ತಿ ಅವನ ಮುಖ ನೋಡಿದಳು. “ಖರೇ ಇದೇ ಏನ್ರಿ ನಿಮ್ಮ ಪದ್ಧತಿ?”

“ಹೌದ್ರಿ” ಅಂದ ಅಮಾತೆಪ್ಪ. ಕೂತವರೆದುರು ಬೇರೆ ಏನು ಹೇಳಬೇಕಿತ್ತು? ಸಂಜೆ ಅಂಬ್ರಪ್ಪ ಇದ್ದೇ ಇದ್ದಾನಲ್ಲ ಎಂದು ಅವನು ಮನಸ್ಸಿನಲ್ಲೇ ಎಲ್ಲ ಹೊಂದಿಸಿಕೊಂಡಿದ್ದ. ಮನೆಗೆ ಬಂದು, “ಇವತ್ತ ಮಿಷನ್ನಿಗೆ ಪಾಠ ಹೇಳಿ ಬಂದೆ ನೋಡು” ಎಂದು ಜಂಬ ಕೊಚ್ಚಿ, ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದ.

ಮಳೆಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ನೀರು ತುಂಬಿ ಹರಿಯುವಾಗ ನ್ಯಾಯ ಯಾರಿಗೆ ಬೇಕು? ಹಿಂಗಾರಿನಲ್ಲಿ ವಾರಬಂದಿ ಶುರುವಾಯಿತು. ಒಂದು ವಾರ ನೀರು ಬಿಟ್ಟರೆ ಇನ್ನೊಂದು ವಾರ ಬಂದ್. ಬಿಟ್ಟ ವಾರವೂ ಕಾಲುವೆಯಲ್ಲಿ ಅರ್ಧವೇ ನೀರು. ಒಂದು ಮುಂಜಾನೆ ಮಲ್ಲಾಬಾಯಿ ಮೊಬೈಲನ್ನು ಚೇಳು ಹಿಡಿದಂತೆ ಹಿಡಿದುಕೊಂಡು ಅಣ್ಣನ ಅಂಗಳಕ್ಕೆ ಬಂದು ನಿಂತಳು.

“ಅಣ್ಣಾ, ಇದನ್ನ ಓದು. ನಿನಗ ಓದಾಕ ಬರ್ತದಲ್ಲ.”

ಅಮಾತೆಪ್ಪ ಓದಿದ. “ಈ ಸರದಿಯಲ್ಲಿ ನೀರು ಕಡಿಮೆ ಇರುವುದರಿಂದ ಮೇಲ್ಭಾಗಕ್ಕೆ ಆದ್ಯತೆ ನೀಡಲಾಗಿದೆ. ನಿಮ್ಮ ಊರಿನ ಪದ್ಧತಿಯ ಪ್ರಕಾರ ಕೊನೆಭಾಗದವರು ತಡೆದುಕೊಳ್ಳುವರು.”

“ತಡಕೋತಾರಂತ! ಯಾರು ತಡಕೋಬೇಕು? ಶೇಂಗಾ ತಡಕೋತದೇನು? ಕಾಯಿ ಕಟ್ಟೋ ಹೊತ್ತಾಗ ನೆಲ ಕಲ್ಲಾಗ್ಯದ. ಮುಂದಿನ ಸರದಿ ತಪ್ಪಿದ್ರ ಬಳ್ಳಿ ಕಿತ್ತು ದನಕ್ಕ ಹಾಕೋದೇ. ಯಾವ ಸುಡುಗಾಡು ಮನುಷ್ಯ ಇದನ್ನ ಹೇಳಿ ಕೊಟ್ಟಾನ?”

ಅಯ್ಯಮ್ಮ ಒಳಗಿನಿಂದ ತಣ್ಣಗೆ ಹೇಳಿದಳು: “ನಿನ್ನ ಮುಂದೇ ನಿಂತಾನ ನೋಡವ್ವಾ.”

ಮಲ್ಲಾಬಾಯಿ ಅಣ್ಣನನ್ನು ನೋಡಿದಳು. ಬಯ್ಯಲಿಲ್ಲ. ಅವಳು ಬೈದಿದ್ದರೆ ಅಮಾತೆಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. “ನಾ ನೋಡ್ತೀನವ್ವಾ” ಅಂದ. “ನೋಡು” ಅಂದು ಅವಳು ಹೋದಳು.

ಸಂಜೆ ಅವನು ಚೊಂಬು ಹಿಡಿದು ಕಾಲುವೆಗೆ ನಡೆದ. ಅಂಬ್ರಪ್ಪ ಅದೇ ಜಾಗದಲ್ಲಿ ಅದೇ ಬೀಡಿ ಸೇದುತ್ತಿದ್ದ.

“ಅಂಬ್ರಪ್ಪ, ಜರಾ ನೋಡಪ್ಪಾ.”

“ನೋಡಾಕತ್ತೀನ್ರಿ, ದಿನಾ ನೋಡಾಕತ್ತೀನಿ. ನೋಡೋದೊಂದೇ ಉಳದದ.” ಅಂಬ್ರಪ್ಪ ಬೀಡಿಯ ತುದಿಯಿಂದ ಗೇಟಿನ ತಲೆಯನ್ನು ತೋರಿಸಿದ. ಹಿಡಿಕೆ ಇದ್ದಲ್ಲಿ ಈಗ ಬೀಗ ಜಡಿದ ಕಬ್ಬಿಣದ ಡಬ್ಬಿ ಇತ್ತು. “ಹಿಡಿಕಿ ಬಿಚ್ಚಿಕೊಂಡು ಹೋಗ್ಯಾರ. ನಾ ಈಗ ಕಸಕಡ್ಡಿ ತೆಗಿಯೋದಷ್ಟೇ. ನಿಮ್ಮ ಮಾತು ನನಗ ತಿಳೀತದ್ರಿ ಯಜಮಾನ್ರ, ಈ ಡಬ್ಬಿಗೆ ತಿಳಿಯಂಗಿಲ್ಲ. ಅದಕ್ಕ ಒಂದೇ ಮಾತು ಗೊತ್ತು, ನೀವು ಕಟ್ಟಿ ಮ್ಯಾಲೆ ಆಡಿದ್ದು.”

ಡಬ್ಬಿಯ ಮೇಲೆ ಹಸಿರು ದೀಪವೊಂದು ಮಿಣುಕುತ್ತಿತ್ತು. ತನ್ನ ಜೀವನದಲ್ಲಿ ತಾನು ಹೇಳಿದ್ದನ್ನು ಹೇಳಿದಂತೆಯೇ ನಂಬಿದ್ದು ಇದೊಂದೇ ಎಂದು ಅಮಾತೆಪ್ಪನಿಗೆ ಅನ್ನಿಸಿತು. ಹೆಂಡತಿ ನಂಬಿರಲಿಲ್ಲ, ಊರು ನಂಬಿರಲಿಲ್ಲ, ಅವನೇ ನಂಬಿರಲಿಲ್ಲ. ಈ ಡಬ್ಬಿ ಮಾತ್ರ ಕೈಕಟ್ಟಿ ನಿಂತ ಶಿಷ್ಯನಂತೆ ಅಕ್ಷರ ಬಿಡದೆ ನಂಬಿತ್ತು. ಕೊರಳಿಗೆ ಬಿದ್ದ ಉರುಲು ಕೂಡ ಇಷ್ಟು ನಿಷ್ಠೆಯಿಂದ ಹಿಡಿಯುವುದಿಲ್ಲ.

ಮರುದಿನ ಮಮ್ತಾಜಳಿಗೆ ಫೋನು ಮಾಡಿದ. ಮನೆಯ ಹಿಂದೆ ಎಮ್ಮೆ ಕಟ್ಟುವ ಜಾಗದಲ್ಲಿ ನಿಂತು, ದನಿ ತಗ್ಗಿಸಿ.

“ಮಗಳೇ, ನಾ ಅವತ್ತ ಹೇಳಿದ್ದು ಜರಾ ಹೆಚ್ಚು ಕಮ್ಮಿ ಆಗ್ಯದ. ನೀನು ಅಲ್ಲಿಂದ ಅಲ್ಲೇ ಸರಿ ಮಾಡಿಬಿಡು. ಯಾರಿಗೂ ಗೊತ್ತಾಗೋದು ಬ್ಯಾಡ.”

“ಹಂಗ ಬರಂಗಿಲ್ಲ ಕಾಕಾ.”

“ಒಂದು ಬಟನ್ ಒತ್ತೋದು ಅಷ್ಟೇ ಅಲ್ಲೇನವ್ವಾ?”

“ಬಟನ್ ಒತ್ತೋದು ಸಸಾರ ಅದ. ಆದ್ರ ಇವತ್ತ ನೀವು ಗುಟ್ಟಾಗಿ ಒತ್ತಸ್ತೀರಿ, ನಾಳೆ ಇನ್ನೊಬ್ರು ಗುಟ್ಟಾಗಿ ಬಂದು ತಮಗ ಬೇಕಾದಂಗ ಒತ್ತಸ್ತಾರ. ಅದಕ್ಕ ಒಂದು ಕಟ್ಟು ಮಾಡೀವಿ. ಎಲ್ಲಿ ಹೇಳಿದ್ರೋ ಅಲ್ಲೇ, ಯಾರ ಮುಂದ ಹೇಳಿದ್ರೋ ಅವರ ಮುಂದೇ ಬದಲು ಹೇಳಬೇಕು. ಈ ಸಲ ಕೊನೆಯವರೂ ಇರಬೇಕು. ಅವತ್ತ ಅವರನ್ನ ಕರೀಲಿಲ್ಲ, ಅದು ನಮ್ಮ ತಪ್ಪೇರಿ.” ಆಮೇಲೆ ಅಂದಳು, “ಯಾವ ಊರಿಗೆ ಹೋಗಿ ಕೇಳಿದ್ರೂ ಕಟ್ಟಿ ಮ್ಯಾಲೆ ಕುಂತವರಿಗೇ ಮೊದಲು ಅಂತ ಬರಾಕತ್ತದ ಕಾಕಾ. ಕಟ್ಟಿ ಗುಣನೋ ಏನೋ.”

ಎಮ್ಮೆ ಅಮಾತೆಪ್ಪನ ಟಾವೆಲ್ಲಿನ ತುದಿಯನ್ನು ಮೇಯುತ್ತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. ಹುಡುಗಿ ಹೇಳುವುದು ನ್ಯಾಯವೇ, ಅದೇ ತೊಂದರೆ. ಅವಳು ಹಠಮಾರಿಯಾಗಿದ್ದರೆ ಪುಣೆಯ ಕಂಪನಿಯನ್ನು ಬೈದುಕೊಂಡು ಹಾಯಾಗಿ ಇರಬಹುದಿತ್ತು.

ಮುಂದಿನ ಸರದಿಗೆ ಮೊದಲು ಸಭೆ ಎಂದು ನಿಶ್ಚಯವಾಯಿತು. ಅದರ ಹಿಂದಿನ ದಿನ ಅಮಾತೆಪ್ಪ ಬೀಗರ ಮನೆಗೆ ಹೋದ. ಬೀಗನೇ ಕಟ್ಟೆಯ ಮೇಲೆ “ಆಗ್ಲಿ, ಈ ಸಲ ತಂಗಿಗೇ ಕೊಡ್ರಿ” ಎಂದುಬಿಟ್ಟರೆ ಎಲ್ಲರ ಮಾನ ಉಳಿಯುತ್ತದೆ ಎಂಬುದು ಅವನ ಲೆಕ್ಕ. ಆದರೆ ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ಹೆಣ್ಣು ಕೊಟ್ಟ ಮನೆಯಲ್ಲಿ ಕೇಳಬಾರದು, ಕೊಟ್ಟದ್ದನ್ನು ಉಣ್ಣಬೇಕು. ಹೋಳಿಗೆ ಬಡಿಸಿದರು. ಬೇಡವೆನ್ನಲು ಬರದ ಬಾಯಿ, ಬಡಿಸಿದಷ್ಟೂ ತಿಂದ.

“ಈ ಸಲ ಬಿಸಿಲು ಜಾಸ್ತಿ ಅದ ಅಲ್ರಿ” ಅಂದ ಅಮಾತೆಪ್ಪ.

“ಅದ” ಅಂದ ಬಸವಂತ್ರಾಯ.

“ಶೇಂಗಾದವರು ಜರಾ ತ್ರಾಸಿನಾಗ ಅದಾರ ಅಂತಾರ.”

“ಅಂತಾರ. ಇನ್ನೊಂದು ಹಾಕ್ರೇ ನಮ್ಮ ಬೀಗರಿಗೆ.”

ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ಬಸವಂತ್ರಾಯ ಕೈತೊಳೆದು, ಅಡಿಕೆ ಚೂರು ಬಾಯಿಗೆ ಹಾಕಿ, ಎಲ್ಲಿಯೋ ನೋಡುತ್ತ ಅಂದ: “ಮ್ಯಾಲಿನ ಹೊಲದವರೆಲ್ಲ ನನ್ನ ಮಕ ನೋಡ್ಕೊಂಡು ಕುಂತಾರ್ರಿ ಬೀಗ್ರ. ನಾ ಸಡಿಲ ಬಿಟ್ರ ನಾಳೆ ನನ್ನ ಯಾರು ಕೇಳ್ತಾರ? ಹೇಳಿದವರು ನೀವು. ನಾ ಏನೂ ಹೇಳಿಲ್ಲ.” ನೀರಿನ ತಂಬಿಗೆ ತಂದಿಟ್ಟ ಮಗಳು ಅಪ್ಪನ ಮುಖವನ್ನು ನೋಡದೆ ಒಳಗೆ ಹೋದಳು. ಬಾಗಿಲು ದಾಟುವಾಗ ಅಮಾತೆಪ್ಪನಿಗೆ ಹೊಟ್ಟೆ ಎಷ್ಟು ಭಾರವಾಗಿತ್ತೆಂದರೆ ಹೊಸ್ತಿಲ ಮೇಲೆ ಕೈಯೂರಿ ದಾಟಬೇಕಾಯಿತು.

ಸಭೆಯ ದಿನ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಮೇಲ್ಭಾಗದವರು ಎಂದಿನಂತೆ ನೆರಳಿನಲ್ಲಿ ಕೂತಿದ್ದರು. ಕೆಳಭಾಗದವರು ಬಿಸಿಲಲ್ಲಿ ನಿಂತಿದ್ದರು, ಮಲ್ಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ. ಬೀಗ ಈ ಸಲವೂ ಮೊಣಕಾಲಿಗೆ ಮೊಣಕಾಲು ತಾಗಿಸಿಯೇ ಕೂತ.

ಮಮ್ತಾಜ ಹಳೆಯ ಪ್ರಶ್ನೆಯನ್ನೇ ಓದಿದಳು. “ನೀರು ಕಮ್ಮಿ ಆದ್ರ ಯಾರಿಗೆ ಮೊದಲ್ರಿ, ಕಾಕಾ?”

ಅಮಾತೆಪ್ಪ ಬಾಯಿ ತೆರೆದ. ಅಭ್ಯಾಸಬಲದಿಂದ “ಮ್ಯಾಲಿನ...” ಎಂಬುದು ಹೊರಟೇಬಿಟ್ಟಿತು. ಮೇಲ್ಭಾಗದವರು ತಲೆಯಾಡಿಸಿದರು. ಮಲ್ಲಾಬಾಯಿ ಸೊಂಟದ ಸೆರಗು ಬಿಚ್ಚಿ ಅದರಿಂದ ಮುಖ ಒರೆಸಿಕೊಂಡು, ಹೊರಟು ಹೋಗಲೆಂದು ತಿರುಗಿದಳು. ಅವಳ ಬೆನ್ನು ಕಂಡದ್ದೇ ಅಮಾತೆಪ್ಪ ಮೊಣಕಾಲು ಸರಿಸಿಕೊಂಡ.

“ಮಲ್ಲಾಬಾಯಿ, ನಿಂದುರು” ಅಂದ. ತನ್ನದೇ ದನಿ ಅವನಿಗೆ ಗುರುತು ಸಿಗಲಿಲ್ಲ. “ಮ್ಯಾಲಿನವರಿಗೆ ಮೊದಲು ಅಂತ ನಾ ಹೇಳ್ತಿದ್ದೆ. ಹೇಳ್ತಿದ್ದೆ ಅಷ್ಟೇ. ಮಾಡ್ತಿದ್ದದ್ದು ಹಂಗಲ್ಲ.”

“ಏನ್ ಮಾಡ್ತಿದ್ರಿ?” ನೆರಳಿನಿಂದ ಯಾರೋ ಕೇಳಿದರು.

“ಸಂಜಿಗೆ ಹೋಗಿ ಮ್ಯಾಲಿನ ತೂಬು ಅರ್ಧ ಇಳಿಸಸ್ತಿದ್ದೆ. ಬಾಲಕ್ಕ ಮೊದಲು ನೀರು ಬಿಡಸ್ತಿದ್ದೆ. ನೀರು ಕಮ್ಮಿ ಬಿದ್ದಾಗೆಲ್ಲ. ಅಂಬ್ರಪ್ಪಂದು ತಪ್ಪಿಲ್ಲ, ನಾ ಹೇಳಿದ್ದು. ನಿಮ್ಮ ಭತ್ತ ಒಮ್ಮ್ಯಾದ್ರೂ ಒಣಗ್ಯದೇನು? ಇಲ್ಲ. ನಿಮಗೂ ಗೊತ್ತಿತ್ತು.” ಅವನು ಪಕ್ಕಕ್ಕೆ ತಿರುಗಿದ. “ನಿಮಗೂ ಗೊತ್ತಿತ್ತಲ್ರಿ, ಬೀಗ್ರ.”

ಕಟ್ಟೆಯ ಮೇಲಿದ್ದವರೆಲ್ಲ ಬಸವಂತ್ರಾಯನನ್ನು ನೋಡಿದರು.

“ನನಗೇನೂ ಗೊತ್ತಿರಲಿಲ್ಲ” ಅಂದ ಬಸವಂತ್ರಾಯ. ಎದ್ದ. ಚಪ್ಪಲಿ ಮೆಟ್ಟಿದ. ತಂದಿಟ್ಟ ಚಹಾ ಮುಟ್ಟದೆ ನಡೆದ. ಅವನ ಹಿಂದೆ ಇನ್ನು ಕೆಲವರು ಎದ್ದು ಹೋದರು.

“ಹಂಗಾದ್ರ ಕೊನೆಯವರಿಗೆ ಮೊದಲು ಅಂತ ಹಾಕಲೇನ್ರಿ ಕಾಕಾ?” ಮಮ್ತಾಜ ಮೆಲ್ಲಗೆ ಕೇಳಿದಳು.

“ಹಾಕು” ಅಂದ ಅಮಾತೆಪ್ಪ. “ಮ್ಯಾಲಿನವರ ಪೈರಿಗೆ ಧಕ್ಕಿ ಬರದಂಗ ಹಾಕು. ನಾ ಹಂಗೇ ಮಾಡ್ತಿದ್ದೆ.”

“ಅದನ್ನೂ ಹಾಕ್ತೀನ್ರಿ.”

ಉಳಿದವರು ಗೊಣಗಿದರು, ವಾದಿಸಿದರು, ಕೊನೆಗೆ ಒಪ್ಪಿದರು. ಭತ್ತ ಒಣಗಿದ್ದು ತಾವೂ ಕಂಡಿಲ್ಲ ಎಂಬುದನ್ನು ಅಲ್ಲಗಳೆಯಲು ಯಾರಿಗೂ ಆಗಲಿಲ್ಲ.

ನೀರು ಬಂತು. ಅಂಬ್ರಪ್ಪ ನೋಡುತ್ತ ನಿಂತ, ಡಬ್ಬಿ ತಾನೇ ಗೇಟು ಇಳಿಸಿತು. ಹಾಡಹಗಲೇ, ಎಲ್ಲರ ಕಣ್ಣೆದುರೇ. ಮಲ್ಲಾಬಾಯಿಯ ಶೇಂಗಾ ಬಳ್ಳಿ ಎರಡೇ ದಿನದಲ್ಲಿ ಕಿವಿ ನಿಮಿರಿಸಿತು. ಅವಳು ಅಣ್ಣನಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. “ಇದನ್ನ ಮೊದಲೇ ಬಾಯಿ ಬಿಟ್ಟಿದ್ರ ಏನಾಗ್ತಿತ್ತು ನಿನಗ?” ಎಂದಷ್ಟೇ ಕೇಳಿ, ಹೊಲದ ಮಡಿಯ ಬಾಯಿಗೆ ಮಣ್ಣು ಕಟ್ಟಲು ಬಾಗಿದಳು.

ಏನಾಗುತ್ತಿತ್ತು ಎಂಬುದು ಅಮಾತೆಪ್ಪನಿಗೆ ದಿನದಿನವೂ ತಿಳಿಯುತ್ತ ಹೋಯಿತು. ಯುಗಾದಿಗೆ ಬೀಗರು ಮಗಳನ್ನು ತವರಿಗೆ ಕಳಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ, ಕೇಳಿದರೆ ತಾನೇ ಹೇಳುವುದು. ಕಟ್ಟೆಗೆ ಹೋದರೆ ಮಾತು ನಿಲ್ಲುತ್ತಿತ್ತು. ಖರೇ ಹೇಳುವವನ ಪಕ್ಕ ಕೂತು ಮಾತಾಡಲು ಯಾರಿಗೂ ಧೈರ್ಯವಿರಲಿಲ್ಲ, ಎಲ್ಲಿ ಏನನ್ನು ಹೊರಗೆ ಹಾಕುತ್ತಾನೋ. ಮೊದಲು ಜನ ಅವನ ಬಳಿ ಬಂದು ಸುಮ್ಮನೆ ಗೋಳು ಹೇಳಿಕೊಂಡು ಹಗುರಾಗಿ ಹೋಗುತ್ತಿದ್ದರು. ಈಗ ಬಂದವರು ತೀರ್ಪು ಕೇಳುತ್ತಿದ್ದರು. ‘ಹೌದೋ ಅಲ್ಲೋ ಹೇಳ್ರಿ, ನೀವು ಈಗ ಹೇಳೋರು’ ಅನ್ನುತ್ತಿದ್ದರು. ಎಲ್ಲಿ ಖರೇ ಹೇಳಿಬಿಡುತ್ತಾನೋ ಎಂದು ಮನೆಯಲ್ಲಿ ಅಯ್ಯಮ್ಮ ಕೂಡ ಅವನಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಕೂಡ.

ಶೇಂಗಾ ಕಿತ್ತು ರಾಶಿಯಾದ ಮೇಲೆ ಒಂದು ಸಂತೆಯ ದಿನ ಅಮಾತೆಪ್ಪ ಕೆಂಭಾವಿಗೆ ಹೊರಟ. ಊರ ಮುಂದಿನ ಆಟೋದಲ್ಲಿ ಹಿಂದಿನ ಸೀಟಿನ ಮೂಲೆ ಸಿಕ್ಕಿತು. ಹೊರಡುವಷ್ಟರಲ್ಲಿ ಯಾರೋ ಹತ್ತಿ ಪಕ್ಕದಲ್ಲಿ ಕೂತರು. ನೋಡಿದರೆ ಬಸವಂತ್ರಾಯ. ಅವನ ಆಚೆ ಒಬ್ಬಳು ಮೆಣಸಿನಕಾಯಿ ಚೀಲವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತುಬಿಟ್ಟಳು. ಇಳಿಯಲು ದಾರಿಯಿಲ್ಲ. ಆಟೋ ಹೊರಟಿತು. ಮೊಣಕಾಲಿಗೆ ಮೊಣಕಾಲು ತಾಗಿ, ರಸ್ತೆ ಗುಂಡಿ ಬಿದ್ದಲ್ಲೆಲ್ಲ ಭುಜಕ್ಕೆ ಭುಜ ಬಡಿಯುತ್ತಿತ್ತು. ಇಬ್ಬರೂ ಮೆಣಸಿನಕಾಯಿ ಚೀಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕಾಲುವೆಯ ಸೇತುವೆ ದಾಟಿದ ಮೇಲೆ ಬಸವಂತ್ರಾಯ ಕೆಮ್ಮಿದ.

“ನಿಮ್ಮ ತಂಗಿದು ಶೇಂಗಾ ಹೆಂಗಾತು?”

“ಚಲೋ ಆತ್ರಿ.”

“ಹ್ಞೂಂ.”

ಆಮೇಲೆ ಬಸವಂತ್ರಾಯ ರಸ್ತೆ ನೋಡುತ್ತಲೇ ಹೇಳಿದ, ಇವನಿಗೆ ಮಾತ್ರ ಕೇಳುವಷ್ಟು:

“ನನಗ ಗೊತ್ತಿತ್ರಿ. ಮೊದಲನೇ ವರ್ಷದಿಂದ ಗೊತ್ತಿತ್ತು. ಸಂಜಿಗೆ ಹೊಲದಾಗ ನೀರು ಇಳಿಯೋದು ಕಾಣಂಗಿಲ್ಲೇನು ನನಗ? ಗೊತ್ತಿದ್ದೂ ಗೊತ್ತಿಲ್ಲದಂಗ ಇರ್ತಿದ್ದೆ. ನಿಮ್ಮ ತಂಗಿಗೆ ನಾ ಕೊಡ್ತಿದ್ದದ್ದು ಅದು. ನನ್ನ ಕೈಲಿಂದ ಕೊಡೋದು ಅದೊಂದೇ ಇತ್ತು. ಈಗ ಡಬ್ಬಿ ಕೊಡ್ತದ, ನಾ ಕೊಡೋದೇನೂ ಉಳೀಲಿಲ್ಲ.”

ತಪ್ಪಾಯಿತು ಅನ್ನಲು ಅದು ತಪ್ಪಲ್ಲ. ಸರಿ ಅನ್ನಲು ಪಕ್ಕದಲ್ಲಿ ಈ ಮನುಷ್ಯ ಕೂತಿದ್ದಾನೆ. ಅಮಾತೆಪ್ಪ ಟಾವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ.

ಮುಂದಿನ ಊರಿನ ಮರದ ಕೆಳಗೆ ಗಂಡ ಹೆಂಡತಿ ಕೈಮಾಡಿದರು. ಆಟೋ ನಿಂತಿತು. ಡ್ರೈವರ್ ಅಮೀನಸಾಬ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ಕೂಗಿದ:

“ಯಜಮಾನ್ರ, ಇನ್ನೊಂದೀಟು ಒತ್ತಿ ಕುಂದರ್ರಿ. ಬೀಗರೇ ಅದೀರಿ, ಏನಾಗ್ತದ?”

ಇಬ್ಬರೂ ಒತ್ತಿ ಕೂತರು.